ಮಳೆಗಾಲದಲ್ಲಿ ಸ್ಕ್ರೀನ್ ಎಕ್ಸ್‌ಪೋಸ್ ಸರಿ ಬರುತ್ತಿಲ್ಲ, ಎಷ್ಟು ಸೆಕೆಂಡ್ ಕೊಡಬೇಕು?

ಮಡಿಕೇರಿ ಚೀಲ (ಜುಲೈ 8, ರಾತ್ರಿ)

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ಮನೆ ಹಿಂದಿನ ಶೆಡ್‌ನಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತಿದ್ದೇನೆ. ಎರಡು ವರ್ಷ ಆಯಿತು. ಕಾಫಿ ಪುಡಿ, ಕರಿಮೆಣಸು, ಏಲಕ್ಕಿ ತುಂಬುವ ಬಟ್ಟೆ ಚೀಲಗಳ ಕೆಲಸವೇ ಜಾಸ್ತಿ. ಏಪ್ರಿಲ್‌ವರೆಗೆ ಏನೂ ತೊಂದರೆ ಇರಲಿಲ್ಲ. ಜೂನ್ ಎರಡನೇ ವಾರದಿಂದ ಒಂದು ಸ್ಕ್ರೀನ್ ಕೂಡ ನೆಟ್ಟಗೆ ಬರುತ್ತಿಲ್ಲ.

ನನ್ನ ಹತ್ತಿರ ಇರುವುದು 20 ವ್ಯಾಟಿನ 6 ಯುವಿ ಟ್ಯೂಬ್ ಹಾಕಿದ ಮರದ ಪೆಟ್ಟಿಗೆ. ಮೇಲೆ ಗಾಜು, ಟ್ಯೂಬಿನಿಂದ ಗಾಜಿಗೆ 5 ಇಂಚು. ಜಾಲರಿಗೆ ಹಚ್ಚುವುದು ನೀಲಿ ಬಣ್ಣದ ಡಯಾಜೋ ಎಮಲ್ಷನ್, ಬೆಳಕು ಬಿದ್ದ ಕಡೆ ಗಟ್ಟಿಯಾಗುವ ಅಂಟು. ಬಿಳಿ ಮೆಶ್ (ಫ್ರೇಮಿಗೆ ಬಿಗಿದ ಜಾಲರಿ ಬಟ್ಟೆ), ಸೆಂಟಿಮೀಟರಿಗೆ 55 ಎಳೆ. ಪಾಸಿಟಿವ್ (ಬೆಳಕು ತಡೆಯುವ ಕಪ್ಪು ಅಕ್ಷರದ ಹಾಳೆ) ತೆಗೆಯುವುದು ಟ್ರೇಸಿಂಗ್ ಪೇಪರ್ ಮೇಲೆ, ಲೇಸರ್ ಪ್ರಿಂಟರ್‌ನಲ್ಲಿ. ಬೆಳಕು ಕೊಟ್ಟು (ಎಕ್ಸ್‌ಪೋಸ್ ಮಾಡಿ) ತೊಳೆದರೆ ಕಪ್ಪಿನ ಅಡಿಯ ಎಮಲ್ಷನ್ ಹೋಗಿ ಅಕ್ಷರ ತೆರೆಯಬೇಕು. ಏಪ್ರಿಲ್‌ನಲ್ಲಿ 150 ಸೆಕೆಂಡ್ ಕೊಟ್ಟರೆ ಸಾಕಿತ್ತು.

ಈಗ 150 ಕೊಟ್ಟರೆ ನೀರು ಬಿದ್ದ ಕೂಡಲೇ ಒಳಬದಿ ಲೋಳೆ ಲೋಳೆ. 'ರ' ಅಕ್ಷರದ ಸುತ್ತಿನ ಒಳಗೆ ಉಳಿಯಬೇಕಾದ ಎಮಲ್ಷನ್ ಚುಕ್ಕೆ ಕಿತ್ತುಕೊಂಡು ಹೋಗುತ್ತದೆ. ಅದಕ್ಕೆ 200 ಮಾಡಿದೆ, 240 ಮಾಡಿದೆ. ನಿನ್ನೆ 300 ಕೊಟ್ಟೆ. ಲೋಳೆ ಸ್ವಲ್ಪ ಕಡಿಮೆ ಆಯಿತು, ಹೋಗಲಿಲ್ಲ. ಆದರೆ ಸಣ್ಣ ಅಕ್ಷರಗಳು ಮುಚ್ಚಿಕೊಂಡವು. ಚೀಲದ ಮೇಲೆ 'ಶುದ್ಧ ಕಾಫಿ ಪುಡಿ' ಎಂದಿದೆ. ಒತ್ತಕ್ಷರದ ಹೊಟ್ಟೆ ಸೀಳುವ ಗೀಟು ತೆರೆಯಲೇ ಇಲ್ಲ. ಪ್ರಿಂಟ್ ತೆಗೆದು ನೋಡಿದರೆ 'ಶುದ್ದ' ಎಂದು ಓದುತ್ತದೆ. ಆ ಚೀಲವನ್ನು ಅಂಗಡಿಯಲ್ಲಿ ಇಡಲು ನನಗೆ ಮನಸ್ಸು ಬರುವುದಿಲ್ಲ.

ಆಗಸ್ಟ್ 3, ಕೊಡವರ ಕಕ್ಕಡ ಪದಿನೆಟ್ಟ್ ಹಬ್ಬದ ಒಳಗೆ 400 ಚೀಲ ಕೊಡಬೇಕು. ಎಷ್ಟು ಸೆಕೆಂಡ್ ಕೊಡಬೇಕು ಅಂತ ಯಾರಾದರೂ ಹೇಳಿ.

ಗೋಣಿಕೊಪ್ಪ ಜೆರ್ಸಿ

ಅಕ್ಕ, ನಾನು ಕೊಡುವುದು 25 ಸೆಕೆಂಡ್. ನನ್ನದು ಎಲ್‌ಇಡಿ ಲೈಟ್, 395 ನ್ಯಾನೊಮೀಟರ್. ಎಮಲ್ಷನ್ ಕೂಡ ಬೇರೆ, ಎಸ್‌ಬಿಕ್ಯೂ ಫೋಟೊಪಾಲಿಮರ್. ಸೆನ್ಸಿಟೈಸರ್ (ಎಮಲ್ಷನ್ ಬೆಳಕಿಗೆ ಗಟ್ಟಿಯಾಗುವ ಹಾಗೆ ಮಾಡುವ ರಾಸಾಯನಿಕ) ಕಲಸುವ ಕೆಲಸ ಇಲ್ಲ. ಡಬ್ಬ ತೆಗೆದು ನೇರ ಹಚ್ಚುವುದು. ಕೊಡವ ಹಾಕಿ ಹಬ್ಬದ ಸಮಯದಲ್ಲಿ ಒಂದೊಂದು ಒಕ್ಕದ (ಮನೆತನದ) ತಂಡಕ್ಕೆ ಬೇರೆ ಬೇರೆ ಸ್ಕ್ರೀನ್ ಬೇಕು. ದಿನಕ್ಕೆ ಹತ್ತು ಹದಿನೈದು ಸ್ಕ್ರೀನ್ ಮಾಡುತ್ತೇನೆ. ನೀವೂ ಇದಕ್ಕೆ ಬನ್ನಿ, ತಲೆನೋವು ಕಡಿಮೆ.

ಕುಶಾಲನಗರ ಪ್ರಿಂಟರ್

ಮೇಡಂ, 22 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಸೆಕೆಂಡ್ ಲೆಕ್ಕವನ್ನು ಇನ್ನೊಬ್ಬರಿಂದ ತೆಗೆದುಕೊಳ್ಳಬೇಡಿ, ನನ್ನಿಂದಲೂ ಬೇಡ. ಗೋಣಿಕೊಪ್ಪದವರ 25 ಅವರ ಲೈಟಿಗೆ, ಅವರ ಎಮಲ್ಷನ್‌ಗೆ ಸರಿ. ಲ್ಯಾಂಪ್ ಬದಲಾದರೆ ಸಮಯ ಬದಲಾಗುತ್ತದೆ. ಒಂದೇ ಹ್ಯಾಲೊಜೆನ್ ಅಥವಾ ಮೆಟಲ್ ಹ್ಯಾಲೈಡ್ ಲ್ಯಾಂಪ್ ಇಟ್ಟವರು ದೂರವನ್ನು ಎರಡು ಪಟ್ಟು ಮಾಡಿದರೆ ಸಮಯ ನಾಲ್ಕು ಪಟ್ಟು ಬೇಕು. ನಿಮ್ಮ ಹಾಗೆ ಸಾಲಾಗಿ ಟ್ಯೂಬ್ ಇಟ್ಟ ಪೆಟ್ಟಿಗೆಗೆ ಆ ಲೆಕ್ಕ ಹಾಗೇ ಹೊಂದುವುದಿಲ್ಲ. ಹಳದಿ ಮೆಶ್‌ಗೆ ಬಿಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಬೇಕಾಗುತ್ತದೆ. ಕೋಟಿಂಗ್ ದಪ್ಪ ಆದಷ್ಟೂ ಸಮಯ ಜಾಸ್ತಿ.

ನೀವು ಬರೆದದ್ದರಲ್ಲಿ ಒಂದು ಕಡೆ ನನ್ನ ಕಣ್ಣು ನಿಂತಿತು. 300ರಲ್ಲಿ ಒಳಬದಿ ಲೋಳೆಯೂ ಇದೆ, ಸಣ್ಣ ಅಕ್ಷರ ಮುಚ್ಚಿಯೂ ಇದೆ. ಲೋಳೆ ಬರುವುದು ಎಮಲ್ಷನ್ ಗಟ್ಟಿಯಾಗದೆ ಇದ್ದಾಗ. ಅಕ್ಷರ ಮುಚ್ಚುವುದು ಬೆಳಕು ಜಾಸ್ತಿಯಾದಾಗ. ಬೆಳಕು ಬೀಳುವುದು ಬಟ್ಟೆಗೆ ತಾಗುವ ಪ್ರಿಂಟ್ ಬದಿಗೆ, ಆ ಬದಿ ಮೊದಲು ಗಟ್ಟಿಯಾಗುತ್ತದೆ. ಸ್ಕ್ವೀಜಿ ಬದಿಗೆ, ಅಂದರೆ ಇಂಕ್ ಎಳೆಯುವ ಒಳಬದಿಗೆ, ಬೆಳಕು ಕೊನೆಗೆ ತಲುಪುತ್ತದೆ. ಹಾಗಾಗಿ ಬೆಳಕು ಸಾಕಾಗಿದೆಯಾ ಅಂತ ಒಳಬದಿಯಲ್ಲಿ ಬೆರಳಾಡಿಸಿ ನೋಡುವುದು. 150ಕ್ಕೆ ಸರಿ ಬರುತ್ತಿದ್ದ ಸ್ಕ್ರೀನ್ ಅದರ ಎರಡು ಪಟ್ಟು ಬೆಳಕಿಗೂ ಗಟ್ಟಿಯಾಗಿಲ್ಲ ಅಂದರೆ ಸಮಯ ಇನ್ನೂ ಏರಿಸಿ ಏನೂ ಸಿಗುವುದಿಲ್ಲ.

ಮೂರು ವಿಷಯ ಹೇಳಿ. ಕೋಟಿಂಗ್ ಹಚ್ಚಿದ ಮೇಲೆ ಎಲ್ಲಿ, ಎಷ್ಟು ಹೊತ್ತು ಒಣಗಿಸುತ್ತೀರಿ? ಸೆನ್ಸಿಟೈಸರ್ ಕಲಸಿ ಎಷ್ಟು ದಿನ ಆಯಿತು? ಟ್ಯೂಬ್ ಹಾಕಿ ಎಷ್ಟು ಸಮಯ ಆಯಿತು?

ಮಡಿಕೇರಿ ಚೀಲ

ಅಣ್ಣ, ರಾತ್ರಿ ಕೋಟಿಂಗ್ ಮಾಡಿ ಶೆಡ್‌ನಲ್ಲೇ ಕತ್ತಲೆಯಲ್ಲಿ ಮಲಗಿಸಿ ಇಡುತ್ತೇನೆ. ಟೇಬಲ್ ಫ್ಯಾನ್ ಓಡುತ್ತಿರುತ್ತದೆ. ಬೆಳಿಗ್ಗೆ ಮುಟ್ಟಿದರೆ ಒಣಗಿಯೇ ಇರುತ್ತದೆ, ಕೈಗೆ ಅಂಟುವುದಿಲ್ಲ. ಏಪ್ರಿಲ್‌ನಲ್ಲೂ ಹೀಗೇ ಮಾಡುತ್ತಿದ್ದೆ. ಸೆನ್ಸಿಟೈಸರ್ ಕಲಸಿ ಮೂರು ವಾರ, ಫ್ರಿಜ್‌ನಲ್ಲಿದೆ. ಟ್ಯೂಬ್ ಎರಡು ವರ್ಷದವು, ಎಲ್ಲವೂ ಉರಿಯುತ್ತಿವೆ.

ನಾಪೋಕ್ಲು ತೋಟ

ನಾನು ಪ್ರಿಂಟಿಂಗ್ ಹವ್ಯಾಸಕ್ಕೆ ಮಾಡುವವನು. ನಮ್ಮ ತೋಟದ ಜೇನು, ಕಾಫಿ ಪೊಟ್ಟಣಕ್ಕೆ ನಾನೇ ಅಚ್ಚು ಹಾಕುತ್ತೇನೆ. ಆದರೆ ಒಣಗಿಸುವ ವಿಷಯ ನನಗೆ ಗೊತ್ತು.

ಕಣದಲ್ಲಿ ಕಾಫಿ ಹರಡಿದ ನಾಲ್ಕನೇ ದಿನಕ್ಕೆ ಹಣ್ಣಿನ ಸಿಪ್ಪೆ ಕಪ್ಪಾಗಿ ಮುದುಡುತ್ತದೆ. ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ. ಅದನ್ನು ನಂಬಿ ಚೀಲಕ್ಕೆ ತುಂಬಿದರೆ ಬೂಸ್ಟು ಹಿಡಿಯುತ್ತದೆ. ಹಿಡಿ ತುಂಬ ಎತ್ತಿ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನಬೇಕು. ಅದೂ ಸಾಲದು ಅಂತ ಮೀಟರ್ ಇಟ್ಟು ನೋಡುತ್ತೇವೆ. ಸಿಪ್ಪೆ ತೆಗೆದು ಒಣಗಿಸುವ ಪಾರ್ಚ್‌ಮೆಂಟ್‌ನ ತೇವ 10 ಪರ್ಸೆಂಟ್‌ಗೆ, ಸಿಪ್ಪೆ ಸಮೇತ ಒಣಗಿಸುವ ಅರೇಬಿಕಾ ಚೆರ್ರಿಯದು 12ಕ್ಕೆ ಬರಬೇಕು. ಸಿಪ್ಪೆ ಮುಟ್ಟಿ ನೋಡಿ ಯಾರೂ ವ್ಯಾಪಾರ ಮಾಡುವುದಿಲ್ಲ, ಅಲ್ವಾ?

ನಿಮ್ಮ ಎಮಲ್ಷನ್ ಕೂಡ ಹಾಗೇ ಇರಬೇಕು. ಕೈಗೆ ಅಂಟದೆ ಇರುವುದು ಮೇಲಿನ ಪದರ ಮಾತ್ರ. ಜುಲೈನಲ್ಲಿ ಮಡಿಕೇರಿಯ ಶೆಡ್‌ನಲ್ಲಿ ಫ್ಯಾನ್ ಹಾಕಿದರೆ ಅದು ಒದ್ದೆ ಗಾಳಿಯನ್ನೇ ತಿರುಗಿಸುತ್ತದೆ. ಅಡುಗೆಮನೆಯಲ್ಲಿ ಉಪ್ಪು ನೀರಾಗುವ ತಿಂಗಳು ಇದು. ಗಾಳಿಯ ತೇವ ತೋರಿಸುವ ಸಣ್ಣ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದು ತಂದು ಸ್ಕ್ರೀನ್ ಪಕ್ಕ ಇಡಿ.

ಕುಶಾಲನಗರ ಪ್ರಿಂಟರ್

ನಾಪೋಕ್ಲಿನವರು ಸರಿಯಾದ ಜಾಗಕ್ಕೆ ಕೈ ಹಾಕಿದ್ದಾರೆ. ಅದರ ಕಾರಣವನ್ನೂ ಹೇಳುತ್ತೇನೆ.

ನಿಮ್ಮ ಸೆನ್ಸಿಟೈಸರ್‌ನಲ್ಲಿರುವ ಡಯಾಜೋ ಯುವಿ ಬೆಳಕಿಗೆ ಒಡೆಯುತ್ತದೆ. ಒಡೆದಾಗ ಅದು ಎಮಲ್ಷನ್ನಿನ ಪಾಲಿವಿನೈಲ್ ಆಲ್ಕೊಹಾಲ್ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಾಕಬೇಕು. ಕಟ್ಟಿದ ಮೇಲೆ ಆ ಭಾಗ ನೀರಿಗೆ ಕರಗುವುದಿಲ್ಲ. ಪದರದ ಒಳಗೆ ನೀರು ಉಳಿದಿದ್ದರೆ ಒಡೆದ ಡಯಾಜೋ ಎಳೆ ಬಿಟ್ಟು ನೀರಿನ ಜೊತೆ ಸೇರಿಕೊಳ್ಳುತ್ತದೆ. ಡಯಾಜೋ ಖರ್ಚಾಯಿತು, ಕಟ್ಟು ಬೀಳಲಿಲ್ಲ. ಆಮೇಲೆ ಹತ್ತು ನಿಮಿಷ ಬೆಳಕು ಕೊಟ್ಟರೂ ಕಟ್ಟಲು ಏನೂ ಉಳಿದಿರುವುದಿಲ್ಲ. ಆ ಜಾಸ್ತಿ ಬೆಳಕು ಮಾತ್ರ ಬಿಳಿ ಮೆಶ್ ಎಳೆಗಳಲ್ಲಿ ಚದುರಿ ಪಾಸಿಟಿವ್‌ನ ಕಪ್ಪಿನ ಅಡಿಗೆ ನುಗ್ಗುತ್ತದೆ. ನಿಮ್ಮ 'ದ್ಧ' ಮುಚ್ಚಿದ್ದು ಹೀಗೆ.

ಇದರಲ್ಲಿ ಇನ್ನೊಂದು ಮೋಸ ಇದೆ. ಬೆಳಕು ಬಿದ್ದಾಗ ಡಯಾಜೋದ ಹಳದಿ ಬಣ್ಣ ಹೋಗುತ್ತದೆ. ನಿಮ್ಮ ನೀಲಿ ಎಮಲ್ಷನ್ ಸೆನ್ಸಿಟೈಸರ್ ಕಲಸಿದ ಮೇಲೆ ಹಸಿರಾಗಿ ಕಾಣುತ್ತದೆ. ಎಕ್ಸ್‌ಪೋಸ್ ಆದ ಮೇಲೆ ಮತ್ತೆ ನೀಲಿ. ತೇವ ಇದ್ದರೂ ಆ ಬಣ್ಣ ಬದಲಾಗುತ್ತದೆ. ಬಣ್ಣ ನೋಡಿ ಸರಿ ಆಯಿತು ಅಂದುಕೊಳ್ಳುತ್ತೇವೆ, ಒಳಗೆ ಪದರ ಹಸಿ.

ನನ್ನ ಊರಿಗೂ ನಿಮ್ಮ ಊರಿಗೂ ಮೂವತ್ತು ಕಿಲೋಮೀಟರ್ ಅಷ್ಟೇ. ಇಲ್ಲಿ ಮಳೆ ಬಹಳ ಕಡಿಮೆ. ಫ್ಯಾನ್ ಕೆಳಗೆ ನಾಲ್ಕು ಗಂಟೆ ಇಟ್ಟರೆ ನನ್ನ ಸ್ಕ್ರೀನ್ ರೆಡಿ. ಅದನ್ನೇ ನಿಮಗೆ ಹೇಳಿದರೆ ನಿಮ್ಮ ಕೆಲಸ ಕೆಡುತ್ತದೆ. ಒಣಗಿಸುವ ಜಾಗದಲ್ಲಿ ತೇವಾಂಶ 50 ಪರ್ಸೆಂಟ್ ಒಳಗೆ, ಬಿಸಿ 40 ಡಿಗ್ರಿ ಒಳಗೆ ಇರಬೇಕು.

ಸೋಮವಾರಪೇಟೆ ಬಿಸಿಲು

ನಾನು ಲೈಟ್ ಪೆಟ್ಟಿಗೆಯನ್ನೇ ಇಟ್ಟಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಅಂಗಳದ ಬಿಸಿಲಿಗೆ ಹಿಡಿದರೆ 40 ಸೆಕೆಂಡ್ ಒಳಗೆ ಮುಗಿಯುತ್ತದೆ. ಸೂರ್ಯ ದೂರ ಇರುವುದರಿಂದ ಬೆಳಕು ನೇರ ಬರುತ್ತದೆ, ಅಂಚು ಚಾಕು ಹಾಗೆ ಬರುತ್ತದೆ. ಯಾವ ಟ್ಯೂಬೂ ಆ ಅಂಚು ಕೊಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಸ್ಕ್ರೀನ್ ಕೆಲಸ ತೆಗೆದುಕೊಳ್ಳುವುದೇ ಇಲ್ಲ, ಸ್ಟಿಕ್ಕರ್ ಕಟಿಂಗ್ ಮಾಡುತ್ತೇನೆ.

ಗೋಣಿಕೊಪ್ಪ ಜೆರ್ಸಿ

ಬಿಸಿಲಿನ ಅಂಚು ಚೆನ್ನಾಗಿ ಬರುವುದು ನಿಜ. ಆದರೆ ಒಂದು ಮೋಡ ಅಡ್ಡ ಬಂದರೆ ಲೆಕ್ಕ ಹೋಯಿತು. ಒಂದೇ ಡಿಸೈನಿಗೆ ಮೂರು ಬಣ್ಣದ ಮೂರು ಸ್ಕ್ರೀನ್ ಬೇಕಾದಾಗ ಮೂರೂ ಒಂದೇ ಹಾಗೆ ಬರಬೇಕಲ್ಲ.

ಹಳೇ ಪ್ರೆಸ್ ವಿರಾಜಪೇಟೆ

ಈ ಚರ್ಚೆ ನೋಡಿ ಸುಮ್ನಿರಲು ಆಗಲಿಲ್ಲ. ಮದುವೆ ಕಾಗದದ ಕೆಲಸದಲ್ಲಿ ನನ್ನ ಇಡೀ ಆಯುಷ್ಯ ಕಳೆದಿದೆ.

ನಾವು ಶುರು ಮಾಡಿದಾಗ ಡಯಾಜೋ ಕೈಗೆ ಸಿಗುತ್ತಿರಲಿಲ್ಲ. ಅಮೋನಿಯಂ ಬೈಕ್ರೊಮೇಟ್, ಕಿತ್ತಳೆ ಬಣ್ಣದ ಹರಳು. ನೀರಲ್ಲಿ ಕರಗಿಸಿ ಅಂಟಿಗೆ ಸೇರಿಸುವುದು. ಅದು ಬೆಳಕೇ ಇಲ್ಲದೆ ಕತ್ತಲೆಯಲ್ಲೂ ನಿಧಾನಕ್ಕೆ ಗಟ್ಟಿಯಾಗುತ್ತಿತ್ತು. ಇಂದು ಹಚ್ಚಿದ್ದನ್ನು ಇಂದೇ ಎಕ್ಸ್‌ಪೋಸ್ ಮಾಡಬೇಕು. ನಾಳೆಗೆ ಇಟ್ಟರೆ ಅಕ್ಷರ ತೆರೆಯುವುದಿಲ್ಲ. ನನ್ನ ಬೆರಳ ಸಂದಿಯಲ್ಲಿ ಎಷ್ಟೋ ವರ್ಷ ಹುಣ್ಣು ಇತ್ತು. ಆ ಕ್ರೋಮಿಯಂ ಕ್ಯಾನ್ಸರ್ ತರುವ ವಸ್ತು ಅಂತ ಆಮೇಲೆ ತಿಳಿಯಿತು. ತೊಳೆದ ಹಳದಿ ನೀರು ಚರಂಡಿಗೆ, ಅಲ್ಲಿಂದ ತೋಡಿಗೆ. ನಮ್ಮ ಜಿಲ್ಲೆಯ ತೋಡಿನ ನೀರು ಎಲ್ಲಿಗೆ ಸೇರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಈಗಲೂ ಯಾರಾದರೂ ಅಗ್ಗಕ್ಕೆ ಸಿಗುತ್ತದೆ ಅಂತ ಅದನ್ನು ಬಳಸುತ್ತಿದ್ದರೆ ದಯವಿಟ್ಟು ಬಿಟ್ಟುಬಿಡಿ.

ಮಳೆಗಾಲಕ್ಕೆ ನಾನು ಮಾಡಿಕೊಂಡದ್ದು ಒಂದು ಹಳೇ ಬಟ್ಟೆ ಬೀರು. ಕೆಳಗೆ ಹಳದಿ ಬಣ್ಣದ ಎರಡು 60 ವ್ಯಾಟ್ ಬಲ್ಬ್, ಅದರ ಮೇಲೆ ತಗಡು. ನಡುವೆ ಮರದ ರೀಪು, ಸ್ಕ್ರೀನ್ ಮಲಗಿಸಲು. ಕೆಳಗೆ ಎರಡು ತೂತು, ಮೇಲೆ ಎರಡು ತೂತು. ಮೇಲಿನ ತೂತಿಗೆ ಕಂಪ್ಯೂಟರಿನ ಸಣ್ಣ ಫ್ಯಾನ್, ಗಾಳಿ ಹೊರಗೆ ಎಳೆಯುವ ಹಾಗೆ. ತೂತಿನಿಂದ ಹೊರಗಿನ ಬೆಳಕು ಬರದ ಹಾಗೆ ಕಪ್ಪು ಬಟ್ಟೆ. ಮೊದಲ ವರ್ಷ ಮೇಲಿನ ತೂತು ಮಾಡಿರಲಿಲ್ಲ. ಬೀರು ಒಳಗೆ ಉಗಿ ತುಂಬಿ ಬಾಗಿಲಿಗೆ ನೀರು ಹನಿ ಹನಿ ಕೂರುತ್ತಿತ್ತು. ಗಾಳಿ ಹೊರಗೆ ಹೋಗಲು ದಾರಿ ಇರಲೇಬೇಕು.

ನಾಪೋಕ್ಲು ತೋಟ

ಸರ್, ನಿಮ್ಮ ಬೀರು ಯಾಕೆ ಕೆಲಸ ಮಾಡುತ್ತದೆ ಅಂತ ಲೆಕ್ಕ ಹಾಕಿದೆ. 20 ಡಿಗ್ರಿ ಬಿಸಿ, 90 ಪರ್ಸೆಂಟ್ ತೇವಾಂಶದ ಗಾಳಿಯನ್ನು ಸುಮ್ನೆ 35 ಡಿಗ್ರಿಗೆ ಕಾಯಿಸಿದರೆ ತೇವಾಂಶ ಸುಮಾರು 37 ಪರ್ಸೆಂಟ್‌ಗೆ ಇಳಿಯುತ್ತದೆ. ನೀರು ಅಷ್ಟೇ ಇರುತ್ತದೆ, ಬಿಸಿ ಗಾಳಿಗೆ ಹಿಡಿದಿಡುವ ಶಕ್ತಿ ಜಾಸ್ತಿ. ಮಡಿಕೇರಿಯ ಜುಲೈ ಗಾಳಿ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಅಂದರೆ ಗಾಳಿಯ ತೇವ ಎಳೆಯುವ ದುಬಾರಿ ಡಿಹ್ಯುಮಿಡಿಫೈಯರ್ ಇಲ್ಲದೆ, ಬೀರು ಮತ್ತು ಬಲ್ಬಿನಲ್ಲೇ 50ರ ಕೆಳಗೆ ಬರಬಹುದು.

ಕುಶಾಲನಗರ ಪ್ರಿಂಟರ್

ಬಹಳ ಒಳ್ಳೆಯ ಲೆಕ್ಕ. ಇದಕ್ಕೆ ಎರಡು ಮಾತು ಸೇರಿಸುತ್ತೇನೆ. ಸ್ಕ್ರೀನನ್ನು ಪ್ರಿಂಟ್ ಬದಿ ಕೆಳಗೆ ಮಾಡಿ ಮಲಗಿಸಿ, ಎಮಲ್ಷನ್ ಆ ಬದಿಗೆ ಇಳಿದು ಸಮ ಆಗುತ್ತದೆ. ಬೀರುವಿನಿಂದ ತೆಗೆದ ಕೂಡಲೇ ಎಕ್ಸ್‌ಪೋಸ್ ಮಾಡಿ. ಒಣಗಿದ ಪದರ ಶೆಡ್‌ನ ಗಾಳಿಯಿಂದ ಮತ್ತೆ ತೇವ ಎಳೆದುಕೊಳ್ಳುತ್ತದೆ. ಹೊರಗೆ ಇಟ್ಟು ಊಟಕ್ಕೆ ಹೋಗಬೇಡಿ.

ಈಗ ಟೆಸ್ಟ್. ಸ್ಕ್ರೀನ್ ಚೆನ್ನಾಗಿ ಒಣಗಿದ ಮೇಲೆ ಮಾತ್ರ ಇದಕ್ಕೆ ಅರ್ಥ. ಒಂದೇ ಸಾಲನ್ನು ಐದು ಸಲ ಬರೆದ ಪಾಸಿಟಿವ್ ಮಾಡಿ. ಅದರಲ್ಲಿ 'ದ್ಧ', 'ಥ', 'ಕ್ಷ', 'ರ' ಇರಲಿ, ಸಣ್ಣ ಗೆರೆ, ಸಣ್ಣ ಚುಕ್ಕೆ ಇರಲಿ. ಪೆಟ್ಟಿಗೆಯ ಬದಿಯಲ್ಲಿ ಗಾಜಿನ ಕೆಳಗೆ ಒಂದು ಸೀಳು ಮಾಡಿ, ಕಪ್ಪು ರಟ್ಟು ತೂರಿಸುವಷ್ಟು. ರಟ್ಟು ಗಾಜಿಗೆ ತಾಗಿಕೊಂಡೇ ಸರಿಯಬೇಕು. ಸ್ಕ್ರೀನನ್ನು ನಡುವೆ ಎತ್ತಬಾರದು. ಮೊದಲು ಎಲ್ಲಕ್ಕೂ 60 ಸೆಕೆಂಡ್. ರಟ್ಟು ಸರಿಸಿ ಮೊದಲ ಸಾಲು ಮುಚ್ಚಿ, ಉಳಿದದ್ದಕ್ಕೆ 25. ಎರಡನೆಯದನ್ನೂ ಮುಚ್ಚಿ 35. ಮೂರನೆಯದನ್ನೂ ಮುಚ್ಚಿ 50. ಕೊನೆಯ ಸಾಲಿಗೆ ಇನ್ನೂ 70. ಆಗ ಐದು ಸಾಲಿಗೆ 60, 85, 120, 170, 240 ಸೆಕೆಂಡ್ ಸಿಗುತ್ತದೆ. ಒಂದೊಂದು ಹೆಜ್ಜೆಗೂ ಬೆಳಕು ಸುಮಾರು 1.4 ಪಟ್ಟು. ಒಂದೊಂದೇ ನಿಮಿಷ ಏರಿಸುತ್ತಾ ಹೋದರೆ ಮೊದಲ ಹೆಜ್ಜೆ ತೀರಾ ದೊಡ್ಡದು, ಕೊನೆಯದು ತೀರಾ ಸಣ್ಣದು. ಅದಕ್ಕೇ ಈ ಲೆಕ್ಕ.

ತೊಳೆಯುವಾಗ ಎರಡೂ ಬದಿ ನೀರು ಹಾಕಿ ಒಂದೆರಡು ನಿಮಿಷ ಬಿಡಿ. ನಿಮ್ಮ ಊರಿನ ನೀರು ಈಗ ಐಸ್ ಹಾಗಿರುತ್ತದೆ, ಉಗುರುಬೆಚ್ಚಗೆ ಮಾಡಿಕೊಳ್ಳಿ. ಆಮೇಲೆ ಪ್ರಿಂಟ್ ಬದಿಯಿಂದ ಮೆಲ್ಲಗೆ ಸ್ಪ್ರೇ. ಒಳಬದಿ ಬೆರಳಾಡಿಸಿ. ಲೋಳೆ ನಿಲ್ಲುವ ಮೊದಲ ಸಾಲು ಯಾವುದು, ಪಕ್ಕದ ಎರಡು ಸಾಲಿನ ನಡುವೆ ಬಣ್ಣದ ವ್ಯತ್ಯಾಸ ಕಾಣದೆ ಹೋಗುವುದು ಎಲ್ಲಿಂದ, ಇವೆರಡನ್ನು ಗುರುತು ಹಾಕಿ. ಎರಡೂ ಹತ್ತಿರ ಹತ್ತಿರ ಬರಬೇಕು. ಬಣ್ಣ ನಿಂತ ಮೇಲೂ ಲೋಳೆ ಇದ್ದರೆ ಸ್ಕ್ರೀನ್ ಇನ್ನೂ ಹಸಿ.

ನನ್ನ ಹತ್ತಿರ 21 ಮೆಟ್ಟಿಲಿನ ಗ್ರೇ ಸ್ಕೇಲ್ ಪಟ್ಟಿ ಎರಡಿವೆ. ಒಂದನ್ನು ನಾಳೆ ಮಡಿಕೇರಿ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ. ಸಣ್ಣ ಫಿಲ್ಮ್ ತುಂಡು, ಒಂದೊಂದು ಮೆಟ್ಟಿಲಿಗೂ ಕಪ್ಪು ಏರುತ್ತಾ ಹೋಗುತ್ತದೆ. ಅದನ್ನು ಸ್ಕ್ರೀನಿನ ಮೂಲೆಯಲ್ಲಿ ಪಾಸಿಟಿವ್ ಜೊತೆ ಇಟ್ಟು ಎಕ್ಸ್‌ಪೋಸ್ ಮಾಡಿ. ತೊಳೆದ ಮೇಲೆ 7ನೇ ಮೆಟ್ಟಿಲಿನವರೆಗೆ ಎಮಲ್ಷನ್ ಗಟ್ಟಿ ನಿಲ್ಲಬೇಕು. 5ಕ್ಕೇ ನಿಂತರೆ ಸಮಯ ಎರಡು ಪಟ್ಟು ಮಾಡಿ. 9ಕ್ಕೆ ಹೋದರೆ ಅರ್ಧ ಮಾಡಿ.

ಗೋಣಿಕೊಪ್ಪ ಜೆರ್ಸಿ

ಅಕ್ಕ, ಪಾಸಿಟಿವ್ ಕೂಡ ಒಮ್ಮೆ ನೋಡಿ. ಟ್ರೇಸಿಂಗ್ ಪೇಪರನ್ನು ಬಲ್ಬಿಗೆ ಹಿಡಿಯಿರಿ. ಕಪ್ಪು ಅಕ್ಷರದ ಒಳಗೆ ಸಣ್ಣ ಸಣ್ಣ ಬೆಳಕಿನ ತೂತು ಕಂಡರೆ ಅಲ್ಲಿಂದ ಯುವಿ ಒಳಗೆ ಹೋಗುತ್ತದೆ. ನನಗೆ ಹೋದ ವರ್ಷ ಜೆರ್ಸಿ ನಂಬರಿನಲ್ಲಿ ಹೀಗೇ ಆಯಿತು. ದೊಡ್ಡ '9'ರ ನಡುವೆ ಇಂಕ್ ಇಳಿಯದ ಚುಕ್ಕೆಗಳು. ಪ್ರಿಂಟರ್ ಸೆಟ್ಟಿಂಗ್‌ನಲ್ಲಿ ಟೋನರ್ ಡೆನ್ಸಿಟಿ ಪೂರ್ತಿ ಏರಿಸಿ. ಟೋನರ್ ಇರುವ ಮುಖ ಎಮಲ್ಷನ್‌ಗೆ ತಾಗಬೇಕು. ಪೇಪರಿನ ದಪ್ಪ ನಡುವೆ ಬಂದರೆ ಅದರ ಪಕ್ಕದಿಂದ ಬೆಳಕು ನುಗ್ಗುತ್ತದೆ. ಮೇಲಿಂದ ಸ್ಪಂಜು ಇಟ್ಟು ಭಾರ ಹೇರಿ, ಗಾಜಿಗೂ ಸ್ಕ್ರೀನಿಗೂ ಕೂದಲೆಳೆಯಷ್ಟು ಸಂದು ಇರಬಾರದು.

ನನ್ನ ಫೋಟೊಪಾಲಿಮರ್‌ಗೂ ತೇವ ಆಗುವುದಿಲ್ಲ, ಅದನ್ನು ಮೊದಲೇ ಹೇಳಬೇಕಿತ್ತು. ಏಪ್ರಿಲ್‌ನಲ್ಲಿ ಹೂಮಳೆ ಬಂದ ವಾರ 300 ಜೆರ್ಸಿಯ ನಡುವೆ ಸ್ಕ್ರೀನ್ ಕಿತ್ತುಬಂತು. ಆಗ ಎಮಲ್ಷನ್ ಮಾರಿದ ಅಂಗಡಿಯನ್ನು ಬೈದಿದ್ದೆ. ಇಂದು ಇಲ್ಲಿ ಓದಿದ ಮೇಲೆ ಅನಿಸುತ್ತದೆ, ಆವತ್ತು ನಾನು ಒಣಗಿಸಿದ್ದು ಎರಡೇ ಗಂಟೆ.

ಮಡಿಕೇರಿ ಚೀಲ (ಜುಲೈ 15)

ಎಲ್ಲರಿಗೂ ಉತ್ತರ ಕೊಡಲು ಒಂದು ವಾರ ಆಯಿತು. ಒಂದೊಂದಾಗಿ ಮಾಡಿ ನೋಡಿದೆ.

ತೇವದ ಮೀಟರ್ ತಂದೆ. ಶೆಡ್‌ನಲ್ಲಿ ಫ್ಯಾನ್ ಓಡುತ್ತಿರುವಾಗಲೇ 91 ತೋರಿಸಿತು. ವಿರಾಜಪೇಟೆ ಸರ್ ಹೇಳಿದ ಹಾಗೆ ಅಜ್ಜಿಯ ಕಾಲದ ಬೀರು ಖಾಲಿ ಮಾಡಿಸಿ ಬಲ್ಬ್, ಫ್ಯಾನ್ ಹಾಕಿದೆ. ಒಂದು ಗಂಟೆಯಲ್ಲಿ 46ಕ್ಕೆ ಇಳಿಯಿತು, ಬಿಸಿ 34 ಡಿಗ್ರಿ. ರಾತ್ರಿಯಿಡೀ ಇಟ್ಟೆ.

ಬೆಳಿಗ್ಗೆ ಸ್ಕ್ರೀನ್ ತೆಗೆದಾಗಲೇ ಬೇರೆ ಅನಿಸಿತು. ಮೊದಲು ಎಮಲ್ಷನ್ ಮೇಲೆ ಬೆರಳ ತುದಿ ಇಟ್ಟರೆ ಸ್ವಲ್ಪ ತಣ್ಣಗೆ, ಹೂವಿನ ದಳ ಮುಟ್ಟಿದ ಹಾಗೆ ಇರುತ್ತಿತ್ತು. ಈಗ ಕಾಗದ ಮುಟ್ಟಿದ ಹಾಗೆ. ಉಗುರಿನಿಂದ ತಟ್ಟಿದರೆ ಚಿಕ್ಕ ತಮಟೆಯ ಸದ್ದು.

ಐದು ಸಾಲಿನ ಟೆಸ್ಟ್ ಮಾಡಿದೆ. 60ರ ಸಾಲು ಅರ್ಧ ತೊಳೆದುಹೋಯಿತು. 85ರಲ್ಲಿ ಅಕ್ಷರ ನಿಂತಿತು, ಒಳಬದಿ ಲೋಳೆ. 120ರಲ್ಲಿ ತುಂಬಾ ಕಡಿಮೆ. 170ರಲ್ಲಿ ಲೋಳೆ ಇಲ್ಲ, ಬಣ್ಣವೂ ಅಲ್ಲಿಗೆ ನಿಂತಿತು. 240ರಲ್ಲಿ 'ದ್ಧ' ಮತ್ತೆ ಮುಚ್ಚಲು ಶುರು. 120 ಮತ್ತು 170ರ ನಡುವೆ 140 ಹಿಡಿದು ಗ್ರೇ ಸ್ಕೇಲ್ ಇಟ್ಟು ನೋಡಿದೆ. ಸರಿಯಾಗಿ 7ಕ್ಕೆ ನಿಂತಿತು. ಲೋಳೆ ಇಲ್ಲ. ಏಪ್ರಿಲ್‌ಗಿಂತ 10 ಸೆಕೆಂಡ್ ಕಡಿಮೆಯಲ್ಲೇ! ಮೂರು ವಾರ ನಾನು 300ರವರೆಗೆ ಏರಿಸಿದ್ದು ಬರೀ ತೇವಕ್ಕೆ.

ಕಿಟಕಿಗೆ ಹಿಡಿದು ನೋಡಿದರೆ 'ಶುದ್ಧ'ದ ಒತ್ತಿನ ಆ ಸಣ್ಣ ಗೀಟಿನಲ್ಲಿ ಮೆಶ್‌ನ ನಾಲ್ಕೈದು ಕಣ್ಣು ತೆರೆದುಕೊಂಡಿವೆ. ಒಂದೊಂದನ್ನೂ ಎಣಿಸಬಹುದು. ನನಗೆ ಎಷ್ಟು ಸಂತೋಷ ಆಯಿತು ಅಂದರೆ ಅಮ್ಮನನ್ನು ಕರೆದು ತೋರಿಸಿದೆ.

ಒಂದು ವಿಷಯ ಮಾತ್ರ ಅರ್ಥ ಆಗುತ್ತಿಲ್ಲ. ಅದೇ ಬೀರು, ಅದೇ 140 ಸೆಕೆಂಡ್. ಸಂಜೆ 7 ಗಂಟೆಗೆ ಮಾಡಿದ ಸ್ಕ್ರೀನ್ ಗ್ರೇ ಸ್ಕೇಲ್‌ನಲ್ಲಿ 6ಕ್ಕೇ ನಿಂತಿತು. ಎರಡು ದಿನ ಹೀಗೇ ಆಯಿತು.

ಹಳೇ ಪ್ರೆಸ್ ವಿರಾಜಪೇಟೆ

ವೋಲ್ಟೇಜ್ ನೋಡಮ್ಮ. ಸಂಜೆ ಎಲ್ಲರ ಮನೆಯಲ್ಲೂ ಗೀಸರ್, ಹೀಟರ್ ಹಾಕುವ ಹೊತ್ತು.

ಕುಶಾಲನಗರ ಪ್ರಿಂಟರ್

ಸರ್ ಹೇಳಿದ್ದೇ ಇರಬೇಕು. ನಿಮ್ಮ ಪೆಟ್ಟಿಗೆಯಲ್ಲಿ ಹಳೇ ರೀತಿಯ ಕಬ್ಬಿಣದ ಚೋಕ್ ಇದ್ದರೆ ವೋಲ್ಟೇಜ್ ಇಳಿದಾಗ ಟ್ಯೂಬಿನ ಬೆಳಕೂ ಇಳಿಯುತ್ತದೆ. ಟೈಮರ್‌ಗೆ ಅದು ಗೊತ್ತಾಗುವುದಿಲ್ಲ, ಅದು ಸೆಕೆಂಡ್ ಮಾತ್ರ ಎಣಿಸುತ್ತದೆ. ದೊಡ್ಡ ಪ್ರೆಸ್‌ಗಳಲ್ಲಿ ಲೈಟ್ ಇಂಟಿಗ್ರೇಟರ್ ಇಡುವುದು ಇದಕ್ಕೇ. ಬಿದ್ದ ಬೆಳಕನ್ನೇ ಅಳೆದು, ಸಾಕಾದಾಗ ಆರಿಸುತ್ತದೆ. ಒಂದು ಮೆಟ್ಟಿಲು ಇಳಿದಿದೆ ಅಂದರೆ ಸಂಜೆ 1.4 ಪಟ್ಟು, ಸುಮಾರು 200 ಸೆಕೆಂಡ್ ಕೊಡಬೇಕಾಗುತ್ತದೆ. ಅದಕ್ಕಿಂತ ಬೆಳಿಗ್ಗೆಯೇ ಎಕ್ಸ್‌ಪೋಸ್ ಮುಗಿಸುವುದು ಒಳ್ಳೆಯದು, ಅಥವಾ ಎಲೆಕ್ಟ್ರಾನಿಕ್ ಚೋಕ್ ಹಾಕಿಸಿ.

ಇನ್ನೊಂದು, ಚಳಿಯಲ್ಲಿ ಟ್ಯೂಬ್ ಹಾಕಿದ ಕೂಡಲೇ ಪೂರ್ತಿ ಬೆಳಕು ಕೊಡುವುದಿಲ್ಲ. ಗಾಜಿನ ಮೇಲೆ ಕಪ್ಪು ರಟ್ಟು ಇಟ್ಟು ಐದು ನಿಮಿಷ ಸುಮ್ನೆ ಉರಿಸಿ, ಆಮೇಲೆ ಸ್ಕ್ರೀನ್ ಇಡಿ. ಟ್ಯೂಬಿಗೆ ವಯಸ್ಸಾದರೂ ನೇರಳೆ ಬಣ್ಣ ಹಾಗೇ ಕಾಣುತ್ತದೆ, ಯುವಿ ಕಡಿಮೆಯಾಗಿರುತ್ತದೆ. ಕಣ್ಣಿಗೆ ಅದು ತಿಳಿಯುವುದಿಲ್ಲ, ಗ್ರೇ ಸ್ಕೇಲ್‌ಗೆ ತಿಳಿಯುತ್ತದೆ.

ಸೋಮವಾರಪೇಟೆ ಬಿಸಿಲು

ಮೇಡಂ, ಬೀರುವಿನ ಫೋಟೊ ಹಾಕಿ. ಈ ವರ್ಷ ನಾನೂ ಮಳೆಗಾಲದಲ್ಲಿ ಕೆಲಸ ನಿಲ್ಲಿಸದೆ ನೋಡುತ್ತೇನೆ. ಲೈಟ್ ಪೆಟ್ಟಿಗೆ ಮಾಡಿಸಲು ಎಷ್ಟು ಟ್ಯೂಬ್ ಬೇಕು ಅಂತಲೂ ಹೇಳಿ.

ಮಡಿಕೇರಿ ಚೀಲ (ಜುಲೈ 31)

ಫೋಟೊ ಹಾಕಿದ್ದೇನೆ ಅಣ್ಣ. ಟ್ಯೂಬ್ ಲೆಕ್ಕ ನಿಮ್ಮ ಫ್ರೇಮ್ ಅಳತೆ ಮೇಲೆ ಹೋಗುತ್ತದೆ. ನನ್ನದು 16 ಇಂಚು ಅಗಲಕ್ಕೆ 6 ಹಾಕಿದ್ದು, ಸರಿ ಹೋಗಿದೆ. ಟ್ಯೂಬ್ ನಡುವೆ ಸಂದು ಜಾಸ್ತಿ ಬಿಟ್ಟರೆ ಸ್ಕ್ರೀನಿನಲ್ಲಿ ಪಟ್ಟೆ ಪಟ್ಟೆ ಬರುತ್ತದೆ.

ವೋಲ್ಟೇಜ್ ಅಳೆಸಿದೆ. ಬೆಳಿಗ್ಗೆ 228, ಸಂಜೆ 7ಕ್ಕೆ 184. ಈಗ ಬೆಳಿಗ್ಗೆ 10 ಗಂಟೆ ಒಳಗೆ ಎಲ್ಲ ಸ್ಕ್ರೀನ್ ಎಕ್ಸ್‌ಪೋಸ್ ಮಾಡಿ ಮುಗಿಸುತ್ತೇನೆ. 400 ಚೀಲ ನಿನ್ನೆ ಕೊಟ್ಟೆ. ಮೊದಲ ಚೀಲ, ಕೊನೆಯ ಚೀಲ ಪಕ್ಕ ಪಕ್ಕ ಇಟ್ಟು ನೋಡಿದೆ, ಅಕ್ಷರದಲ್ಲಿ ವ್ಯತ್ಯಾಸ ಇಲ್ಲ. ಸ್ಕ್ರೀನ್ ಎಲ್ಲೂ ಕಿತ್ತಿಲ್ಲ, ಟಚಪ್ ಮಾಡಿದ್ದು ಎರಡೇ ಕಡೆ.

ಕುಶಾಲನಗರ ಅಣ್ಣ, ಮುಂದಿನ ತಿಂಗಳು ಹಳದಿ ಮೆಶ್ ತರಿಸುತ್ತಿದ್ದೇನೆ. ಟೆಸ್ಟ್ ಎಲ್ಲಿಂದ ಶುರು ಮಾಡಲಿ? ನಿಮ್ಮ ಗ್ರೇ ಸ್ಕೇಲ್ ಪಟ್ಟಿ ಯಾವ ಬಸ್ಸಿಗೆ ಕೊಟ್ಟು ಕಳಿಸಲಿ?

ಕುಶಾಲನಗರ ಪ್ರಿಂಟರ್

ಹಳದಿಗೆ 240 ನಡುವೆ ಬರುವ ಹಾಗೆ ಐದು ಸಾಲು ಇಡಿ: 120, 170, 240, 340, 480. ಬಸ್ಸಿಗೆ ಕೊಡಬೇಡಿ, ಮಡಿಕೇರಿ ದಸರಾಕ್ಕೆ ಹೇಗೂ ಬರುತ್ತೇನೆ, ಆಗ ತೆಗೆದುಕೊಳ್ಳುತ್ತೇನೆ. ಅಲ್ಲಿವರೆಗೆ ಪ್ರತಿ ಸ್ಕ್ರೀನಿನ ಮೂಲೆಯಲ್ಲಿ ಇಟ್ಟು, ಎಷ್ಟಕ್ಕೆ ನಿಂತಿತು ಅಂತ ಫ್ರೇಮಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡಿ.